ಹೊದಿಕೆಯನ್ನು ಗೋಡೆಯಿಂದ ಇಳಿಸಿದ ಲೈಬ್ರರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಆ ಲೈಬ್ರರಿಗೆ ಓದಲು ಹೋದವಳಲ್ಲ. ಪರದೆ ಹೊಲಿದುಕೊಡಲು ಹೋದವಳು.

ಮಂಗಳೂರಿನ ಬಿಜೈಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ಬ್ಲೌಸು, ಚೂಡಿದಾರ, ಫಾಲ್ಸ್ ಪಿಕೋ, ಜೂನ್ ಬಂದರೆ ಶಾಲೆಯ ಯೂನಿಫಾರ್ಮು. 26 ವರ್ಷದಿಂದ ಇದೇ ಕೆಲಸ. ಜನವರಿ ಕೊನೆಗೆ ಕದ್ರಿ ಕಡೆಯ ಒಂದು ಹಳೆ ಮನೆಯ ಮಹಡಿಯಲ್ಲಿರುವ ಈ ಲೈಬ್ರರಿಯಿಂದ 8 ಪರದೆಗೆ ಆರ್ಡರ್ ಬಂತು. ಪಡುಗಡೆಯ ಕಿಟಕಿ, ಮೂರು ಗಂಟೆಯ ಮೇಲೆ ಬಿಸಿಲು ಸೀದಾ ಪುಸ್ತಕದ ಮೇಲೆಯೇ ಬೀಳುತ್ತದೆ. ಪರದೆ ಹಾಕಿಸುತ್ತಾ ಇರುವಾಗ ಬಾಗಿಲ ಪಕ್ಕ ಕೈಯಲ್ಲಿ ಬರೆದ ಪೋಸ್ಟರ್ ಕಂಡಿತು. ‘ಕಪ್ಪು ಹೆಂಗಸರು ಬರೆದದ್ದು. ಫೆಬ್ರವರಿಯ ನಾಲ್ಕೂ ಶನಿವಾರ, ಸಂಜೆ 4ಕ್ಕೆ.’

"ಇದು ಎಂತ ಮೇಡಂ? ಇಂಗ್ಲಿಷ್ ಬರುವವರಿಗಾ?" ಅಂತ ಕೇಳಿದೆ.

"ಅಲ್ಲ ಅಕ್ಕ, ಕನ್ನಡದಲ್ಲೇ ಮಾತಾಡುವುದು. ನೀವೂ ಬನ್ನಿ" ಅಂದರು ಲೈಬ್ರರಿಯ ಮೇಡಂ. ನಾಲ್ಕರಲ್ಲಿ ಮೂರು ಶನಿವಾರದ ಮಟ್ಟಿಗೆ ಅವರು ಹೇಳಿದ್ದು ಸತ್ಯ.

ಲೈಬ್ರರಿಯ ಹೆಸರು ಇಲ್ಲಿ ಹಾಕುವುದಿಲ್ಲ. ಅಲ್ಲಿ ಇರುವುದೇ 34 ಕುರ್ಚಿ. ಜಾಸ್ತಿ ಜನ ಬಂದರೆ ಹಳೆ ಮರದ ಮಹಡಿ ತಡೆಯುವುದಿಲ್ಲ ಅಂತ ಮೇಡಂಗೆ ಹೆದರಿಕೆ. ಬೇಕಾದವರು ಕದ್ರಿಯಲ್ಲಿ ನಾಲ್ಕು ಜನರ ಹತ್ತಿರ ವಿಚಾರಿಸಿದರೆ ಐದನೆಯವರು ದಾರಿ ತೋರಿಸುತ್ತಾರೆ.

ಫೆಬ್ರವರಿಯೇ ಯಾಕೆ ಅಂತ ಮೊದಲ ದಿನವೇ ಹೇಳಿದರು. ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆ ನೆನೆಯುವ ತಿಂಗಳಂತೆ ಇದು. 1926ರಲ್ಲಿ ಕಾರ್ಟರ್ ವುಡ್ಸನ್ ಎನ್ನುವವರು ಒಂದು ವಾರ ಅಂತ ಶುರು ಮಾಡಿದ್ದು, 1976ರಲ್ಲಿ ಇಡೀ ತಿಂಗಳಾಯಿತು.

ಮೊದಲ ಶನಿವಾರ ನಾನು ಸರಿಯಾಗಿ ನಾಲ್ಕಕ್ಕೆ ಹೋಗಿ ಮರ್ಲು ಆದೆ. ಶುರುವಾದದ್ದು 4.35ಕ್ಕೆ. ಕುರ್ಚಿ ಎಲ್ಲ ಗೋಡೆಗೆ ಒತ್ತಿಟ್ಟಿದ್ದರು, ನಡುವೆ ನೆಲ ಖಾಲಿ. ಕಾಲೇಜಿನಲ್ಲಿ ಕಲಿಸುವ ಒಬ್ಬ ಟೀಚರ್ ನನ್ನ ಕಡೆ ನೋಡಿ, "ಅಕ್ಕಾ, ನಿಮ್ಮ ಹತ್ತಿರ ಟೇಪ್ ಇರಬಹುದಲ್ವಾ?" ಅಂದರು. ಟೈಲರ್ ಹತ್ತಿರ ಟೇಪ್ ಇಲ್ಲದೆ ಇರುತ್ತದಾ? ಗುರುತು ಹಾಕುವ ಚಾಕ್ ಕೂಡ ಇತ್ತು. "ಹಾಗಾದರೆ ನೆಲದಲ್ಲಿ 9 ಅಡಿ ಉದ್ದ, 7 ಅಡಿ ಅಗಲ ಗುರುತು ಹಾಕಿ ಕೊಡಿ" ಅಂದರು. ಹಾಕಿದೆ. ಎರಡು ಕುರ್ಚಿಗೆ 3 ಅಡಿ ಎತ್ತರದಲ್ಲಿ ಹಗ್ಗ ಕಟ್ಟಿ, ಅದರ ಮೇಲೆ ಒಂದು ಬೆಡ್‌ಶೀಟ್ ಹಾಕಿ ಇನ್ನೊಂದು ಕಡೆ ಇಳಿಜಾರಾಗಿ ನೆಲದವರೆಗೆ ಬಿಟ್ಟರು. ಅಡಿಕೆ ತೋಟದ ಕಾವಲು ಗುಡಿಸಲಿನ ಹಾಗೆ ಕಂಡಿತು, ಆದರೆ ಅದಕ್ಕಿಂತಲೂ ಸಣ್ಣದು.

"ಇದರ ಒಳಗೆ ಒಬ್ಬ ಹೆಂಗಸು ಹೆಚ್ಚುಕಡಿಮೆ 7 ವರ್ಷ ಇದ್ದಳು" ಅಂದರು ಟೀಚರ್.

ಅವಳ ಹೆಸರು ಹ್ಯಾರಿಯೆಟ್ ಜೇಕಬ್ಸ್. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಯಜಮಾನನ ಕಾಟ ತಡೆಯಲಾಗದೆ ಓಡಿಹೋದಳು. ಆದರೆ ದೂರ ಹೋಗಲಿಲ್ಲ. ಅಜ್ಜಿಯ ಮನೆಗೆ ತಾಗಿದ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಅಡಗಿದಳು. ಎದ್ದು ನಿಲ್ಲುವ ಹಾಗಿಲ್ಲ. ಇಳಿಜಾರಿನ ಕಡೆ ಮಗ್ಗುಲು ತಿರುಗಿದರೆ ಮಾಡು ತಾಗುತ್ತದೆ. ಇಲಿ ಬೇರೆ. ಕೆಳಗೆ ಅವಳದೇ ಎರಡು ಮಕ್ಕಳು ಆಡುತ್ತಿದ್ದವು. ಅಮ್ಮ ಮೇಲೆ ಇದ್ದಾಳೆ ಅಂತ ಅವಕ್ಕೆ ಗೊತ್ತಿಲ್ಲ. 1842ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಉತ್ತರಕ್ಕೆ ಹೋದಳು. ಆಮೇಲೆ ತನ್ನ ಕಥೆ ತಾನೇ ಬರೆದಳು, 1861ರಲ್ಲಿ ಪುಸ್ತಕವಾಯಿತು.

ಒಬ್ಬೊಬ್ಬರೇ ಒಳಗೆ ಹೋಗಿ ನೋಡಿ ಅಂದರು. ಮಕ್ಕಳಿಗೆ ಖುಷಿ, ತೆವಳಿಕೊಂಡು ಹೋಗಿ ಬಂದರು. ದೊಡ್ಡವರು ನಗಾಡುತ್ತಾ ನಿಂತರು. ನನಗೆ ಮಂಡಿ ನೋವು, ಆದರೂ ಹೋದೆ. ಚಾಕ್ ಹಾಕಿದವಳು ನಾನೇ ಅಲ್ವಾ.

ಒಳಗೆ ಮಲಗಿದ ಮೇಲೆ ನನಗೆ ಹೊಳೆದದ್ದು ಒಂದೇ. ನನ್ನ ಅಂಗಡಿ 10 ಅಡಿ, 7 ಅಡಿ. ಹೆಚ್ಚು ಇರುವುದು ಒಂದೇ ಅಡಿ. ಅದರಲ್ಲಿ ಮಿಷನ್, ಕಟಿಂಗ್ ಟೇಬಲ್, ಸ್ಟೂಲು, ಹೊಲಿದಿಟ್ಟ ಬ್ಲೌಸಿನ ಕಟ್ಟು. ಸಂಜೆ ಆರಕ್ಕೆ ಎದ್ದು ಬೆನ್ನು ನೆಟ್ಟಗೆ ಮಾಡಿ, ಉಸಿರು ಕಟ್ಟುತ್ತದೆ ಮಾರಾಯ್ತಿ ಅಂತ ಪಕ್ಕದ ಅಂಗಡಿಯವಳ ಹತ್ತಿರ ದಿನಾ ಹೇಳುತ್ತೇನೆ.

ಹೊರಗೆ ಬಂದಾಗ ಟೀಚರ್ ಒಂದು ತುಂಡು ಓದುತ್ತಿದ್ದರು. ಇಂಗ್ಲಿಷ್ ಪುಸ್ತಕ ಎದುರಿಗಿಟ್ಟು, ಬಾಯಲ್ಲಿ ಕನ್ನಡ. ಆ ಹೆಂಗಸಿಗೆ ಒಂದು ಬೈರಿಗೆ ಸಿಗುತ್ತದೆ. ಅದರಲ್ಲಿ ಸಾಲು ಸಾಲು ತೂತು ಕೊರೆದು, ನಡುವಿನ ಮರ ತೆಗೆದು, ಒಂದಿಂಚು ಉದ್ದ ಒಂದಿಂಚು ಅಗಲದ ಕಿಂಡಿ ಮಾಡುತ್ತಾಳೆ. ಅದರಲ್ಲಿ ಮಕ್ಕಳ ಮುಖ ನೋಡುತ್ತಾಳೆ. ಅದರ ಹತ್ತಿರ ಬಟ್ಟೆ ಹಿಡಿದು ಹೊಲಿಯುತ್ತಾಳೆ. ಕ್ರಿಸ್‌ಮಸ್‌ಗೆ ಮಕ್ಕಳಿಗೆ ಹೊಸ ಬಟ್ಟೆ ಹೊಲಿಯುವುದು ಅಲ್ಲೇ.

ಒಂದಿಂಚಿನ ಬೆಳಕು. ನನಗೆ ಟ್ಯೂಬ್‌ಲೈಟ್ ಕೆಳಗೆ, ಕನ್ನಡಕ ಹಾಕಿದರೂ ಕಪ್ಪು ದಾರ ಪೋಣಿಸಲು ಮೂರು ಸಲ ಬೇಕು. ನಾನು ಆ ದಿನ ಏನೂ ಮಾತಾಡಲಿಲ್ಲ. ಗಂಟಲು ಸರಿ ಇರಲಿಲ್ಲ.

ಇನ್ನೊಂದು ಮಾತು ಅವರು ಸುಮ್ನೆ ಹೇಳಿ ದಾಟಿದರು, ನನಗೆ ಅದು ಅಂಟಿಕೊಂಡಿತು. ಜೇಕಬ್ಸ್ ಪುಸ್ತಕದಲ್ಲಿ ತನ್ನ ಹೆಸರು ಹಾಕಿರಲಿಲ್ಲ, ಲಿಂಡಾ ಬ್ರೆಂಟ್ ಅಂತ ಬೇರೆ ಹೆಸರು ಇಟ್ಟುಕೊಂಡಿದ್ದಳು. ಅದಾಗಿ ನೂರು ವರ್ಷ ದಾಟಿದರೂ ಹೆಚ್ಚಿನವರು ಇದು ಕಟ್ಟುಕಥೆ, ಬಿಳಿ ಹೆಂಗಸೊಬ್ಬಳು ಬರೆದದ್ದು ಅಂತಲೇ ತಿಳಿದಿದ್ದರಂತೆ. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎನ್ನುವ ವಿದ್ವಾಂಸೆ ಹಳೆ ಕಾಗದಪತ್ರ ಹುಡುಕಿ, ಬರೆದದ್ದು ಜೇಕಬ್ಸೇ ಅಂತ ತೋರಿಸಿಕೊಟ್ಟರು. ನಾನು ಮೂರು ವರ್ಷ ಒಂದು ಬುಟೀಕ್‌ಗೆ ಬ್ಲೌಸ್ ಹೊಲಿದುಕೊಟ್ಟಿದ್ದೇನೆ. ಕತ್ತಿನ ಹಿಂದೆ ಅವರ ಲೇಬಲ್ ಹಾಕುವುದೂ ನನ್ನದೇ ಕೆಲಸ. ಒಂದು ಮದುವೆಯಲ್ಲಿ ಒಬ್ಬರು ನನಗೇ ಬೆನ್ನು ತೋರಿಸಿ, "ನೋಡಿ, ಇಂಥ ಕೈ ಬಿಜೈಯಲ್ಲಿ ಸಿಗುವುದಿಲ್ಲ" ಅಂದಿದ್ದರು.

ಈಗ ಎರಡನೇ ಶನಿವಾರ. ಇದನ್ನು ಬೇಗ ಮುಗಿಸುತ್ತೇನೆ, ಅವರು ಬೇಗ ಮುಗಿಸಲಿಲ್ಲ. ಹೊರಗಿನಿಂದ ಒಬ್ಬರು ಬಂದು ಪರದೆ ಮೇಲೆ ಚಿತ್ರ ಹಾಕಿ 70 ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಪರದೆ ಅಂದರೆ ನಾನು ಹೊಲಿದದ್ದಲ್ಲ, ಬಿಳಿ ಪರದೆ. ಮೈಕ್ ಕುಂಯ್ ಅಂತ ಕೂಗುತ್ತಿತ್ತು. ಹಂಚಿದ ಜೆರಾಕ್ಸೂ ಇಂಗ್ಲಿಷೇ. ನನ್ನ ಹಿಂದೆ ಕೂತಿದ್ದ ಇಬ್ಬರು ಹೆಂಗಸರು ಮೆಲ್ಲ ಎದ್ದು ಹೋದರು, ಅವರನ್ನು ನಾನು ಮತ್ತೆ ನೋಡಲಿಲ್ಲ. ಒಂದು ಹಾಳೆ ಕನ್ನಡದಲ್ಲಿ ಟೈಪ್ ಮಾಡಲು ಎಷ್ಟು ಹೊತ್ತು ಬೇಕು?

ನಾನೂ ಎದ್ದೆ, ಆದರೆ ಮೆಟ್ಟಿಲ ಹತ್ತಿರ ಚಾ ಕೊಡುತ್ತಿದ್ದರು, ಅಲ್ಲಿಗೆ ನಿಂತೆ. ಚಾ ಚೆನ್ನಾಗಿತ್ತು. ಜೊತೆಗೆ ಬನ್ಸ್, ಬಾಳೆಹಣ್ಣು ಸರಿಯಾಗಿ ಹಾಕಿದ್ದು. ಚಾ ಕೊಡುತ್ತಿದ್ದ ಹುಡುಗಿ ಡಿಗ್ರಿ ಓದುವವಳು, ಶನಿವಾರ ಇಲ್ಲಿ ಪುಸ್ತಕ ಜೋಡಿಸುತ್ತಾಳೆ. "ಒಳಗೆ ಯಾರ ವಿಷಯ ಹೇಳ್ತಾ ಇದ್ದಾರೆ ಮಗಾ?" ಅಂತ ಕೇಳಿದೆ. ಎಪ್ಪತ್ತು ನಿಮಿಷದ್ದನ್ನು ಅವಳು ಹತ್ತು ನಿಮಿಷಕ್ಕೆ ಹೇಳಿದಳು. ಟೋನಿ ಮರಿಸನ್ ಅಂತ, 1993ರಲ್ಲಿ ನೊಬೆಲ್ ಬಂದವರು. ಲೊರೇನ್ ಎನ್ನುವ ಊರಿನಲ್ಲಿ ಹುಟ್ಟಿದ್ದು, ಹುಡುಗಿಯಾಗಿದ್ದಾಗ ಅಲ್ಲಿಯ ಲೈಬ್ರರಿಯಲ್ಲಿ ಕೆಲಸ ಮಾಡಿದ್ದರಂತೆ. ಈಗ ಅದೇ ಲೈಬ್ರರಿಯಲ್ಲಿ ಅವರ ಹೆಸರಿನ ಓದುವ ಕೋಣೆ ಇದೆಯಂತೆ. "ನನ್ನ ಹಾಗೆ" ಅಂದಳು ಹುಡುಗಿ, ಹೇಳಿ ತಾನೇ ನಾಚಿಕೊಂಡಳು.

ಮರಿಸನ್ ಬರೆದ ಮೊದಲ ಕಾದಂಬರಿ 1970ರದ್ದು. ಅದರಲ್ಲಿ ಪೆಕೋಲ ಅಂತ 11 ವರ್ಷದ ಹುಡುಗಿ. ಕಪ್ಪಗಿದ್ದಾಳೆ, ಚಂದ ಇಲ್ಲ ಅಂತ ಎಲ್ಲರೂ ಅವಳ ತಲೆಗೆ ತುಂಬಿಸಿದ್ದಾರೆ. ನನಗೆ ನೀಲಿ ಕಣ್ಣು ಕೊಡು ಅಂತ ದಿನಾ ರಾತ್ರಿ ದೇವರ ಹತ್ತಿರ ಬೇಡುತ್ತಾಳೆ.

ನೀಲಿ ಕಣ್ಣು ನಮ್ಮ ಊರಿನಲ್ಲಿ ಯಾರೂ ಬೇಡುವುದಿಲ್ಲ. ಆದರೆ ಬಟ್ಟೆ ಕೊಡಲು ಬರುವ ಅಮ್ಮಂದಿರು ಮಗಳ ಎದುರೇ ಏನು ಹೇಳುತ್ತಾರೆ ಅಂತ ನನಗೆ ಗೊತ್ತಲ್ಲ. "ಇವಳು ಸ್ವಲ್ಪ ಕಪ್ಪು ಅಲ್ವಾ ಅಕ್ಕ, ಗಿಳಿಹಸಿರು ಒಪ್ಪುವುದಿಲ್ಲ, ಇನ್ನೂ ಕಪ್ಪು ಕಾಣ್ತಾಳೆ." ಹುಡುಗಿ ನೆಲ ನೋಡುತ್ತಾ ಕೈ ಎತ್ತಿ ನಿಲ್ಲುತ್ತದೆ, ನಾನು ಟೇಪ್ ಹಿಡಿಯುತ್ತೇನೆ. 26 ವರ್ಷದಲ್ಲಿ ನಾನು ಒಮ್ಮೆಯೂ ಇಲ್ಲ ಅಂದದ್ದಿಲ್ಲ. ಗಿರಾಕಿ ತಪ್ಪಿಹೋದರೆ ಅಂತ. ಹೌದು, ತಿಳಿ ಗುಲಾಬಿ ಹಾಕುವ ಅಂತ ನಾನೇ ಹೇಳಿದ್ದೂ ಉಂಟು.

ಮೂರನೇ ಶನಿವಾರಕ್ಕೆ ಹೋಗಬೇಕಾ ಬೇಡವಾ ಅಂತ ಇದ್ದೆ. ಹೋದದ್ದು ಒಳ್ಳೆಯದಾಯಿತು.

ಒಳಗೆ ಕಾಲಿಟ್ಟ ಕೂಡಲೇ ಕಂಡದ್ದು ಎದುರಿನ ಗೋಡೆಯಲ್ಲಿ ನೇತುಹಾಕಿದ್ದ ಒಂದು ದೊಡ್ಡ ಹೊದಿಕೆ. ಚೂರು ಬಟ್ಟೆಯದ್ದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅಂತ ಅದಕ್ಕೆ ಹೆಸರು. ಲೈಬ್ರರಿಗೆ ಸಹಾಯ ಮಾಡುವ ಒಬ್ಬರು ಯಲ್ಲಾಪುರ ಕಡೆ ಹೋದಾಗ ಕೊಂಡು ತಂದದ್ದು. ಸಿದ್ದಿಗಳು ಆಫ್ರಿಕಾ ಮೂಲದವರು. ಅವರ ಹಿರಿಯರನ್ನು ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಗುಲಾಮರಾಗಿ ಈ ಕರಾವಳಿಗೆ ತಂದರು. ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಇದನ್ನೆಲ್ಲ ಟೀಚರ್ ಚಿಕ್ಕದಾಗಿ ಹೇಳಿ, ಆಮೇಲೆ ಆಲಿಸ್ ವಾಕರ್ ಕಥೆಗೆ ಬಂದರು.

ವಾಕರ್ ಹುಟ್ಟಿದ್ದು 1944ರಲ್ಲಿ, ಜಾರ್ಜಿಯಾದಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ಅಪ್ಪ ಗೇಣಿಗೆ ಬೇಸಾಯ, ಅಮ್ಮ ಮನೆಗೆಲಸ. ಆ ಅಮ್ಮ ದುಡಿದ ಹಣದಲ್ಲಿ ಮಗಳಿಗೆ ಮೂರು ವಸ್ತು ತೆಗೆದುಕೊಟ್ಟರಂತೆ. ಒಂದು ಹೊಲಿಗೆ ಮಿಷನ್, ಒಂದು ಸೂಟ್‌ಕೇಸ್, ಒಂದು ಟೈಪ್‌ರೈಟರ್. ನಿನ್ನ ಬಟ್ಟೆ ನೀನೇ ಹೊಲಿದುಕೋ, ಊರು ಬಿಟ್ಟು ಹೋಗು, ಬರಿ. ಅಮ್ಮ ಹೀಗೆ ಬಾಯಿಬಿಟ್ಟು ಹೇಳಿದರು ಅಂತ ಟೀಚರ್ ಹೇಳಲಿಲ್ಲ, ಇದು ನಾನೇ ಹೊಲಿದು ಸೇರಿಸಿದ್ದು. ನನ್ನ ಅಮ್ಮನೂ ನನಗೆ ಮಿಷನ್ ತೆಗೆದುಕೊಟ್ಟರು, ಬೀಡಿ ಕಟ್ಟಿದ ಹಣದಲ್ಲಿ. ಉಳಿದೆರಡು ನಮಗೆ ಎಟುಕಲಿಲ್ಲ.

1973ರಲ್ಲಿ ವಾಕರ್ ಬರೆದ ಒಂದು ಸಣ್ಣ ಕಥೆಯನ್ನು ಟೀಚರ್ ಪೂರ್ತಿ ಕನ್ನಡದಲ್ಲಿ ಹೇಳಿದರು. ಹಳ್ಳಿಯಲ್ಲಿ ಒಬ್ಬ ತಾಯಿ, ಅವಳ ಎರಡು ಹೆಣ್ಣುಮಕ್ಕಳು. ದೊಡ್ಡವಳು ಡೀ, ಪೇಟೆಯಲ್ಲಿ ಓದಿ, ಹೆಸರನ್ನೂ ಬದಲಿಸಿಕೊಂಡು, ಕಾರಿನಲ್ಲಿ ಬಂದು ಇಳಿಯುತ್ತಾಳೆ. ಸಣ್ಣವಳು ಮ್ಯಾಗಿ, ಬೆಂಕಿಯಲ್ಲಿ ಸುಟ್ಟ ಗಾಯದವಳು, ಬಾಗಿಲ ಸಂದಿಯಲ್ಲಿ ನಿಲ್ಲುವವಳು. ಅಜ್ಜಿಯ ಹಳೆ ಬಟ್ಟೆ ಸೇರಿಸಿ ಹೊಲಿದ ಎರಡು ಹೊದಿಕೆ ಮನೆಯಲ್ಲಿವೆ. ಮದುವೆಯಾಗುವಾಗ ಮ್ಯಾಗಿಗೆ ಅಂತ ಇಟ್ಟದ್ದು. ಡೀಗೆ ಅದು ಬೇಕು. ಮ್ಯಾಗಿ ಆದರೆ ದಿನಾ ಹೊದ್ದು ಹರಿದುಬಿಡುತ್ತಾಳೆ ಅಂತ ಅವಳ ವಾದ. ನೀನು ಎಂತ ಮಾಡುತ್ತೀ ಅಂತ ತಾಯಿ ಕೇಳಿದರೆ, ಗೋಡೆಗೆ ತೂಗುಹಾಕುತ್ತೇನೆ ಅಂತಾಳೆ. ಮ್ಯಾಗಿ ಮೆಲ್ಲಗೆ, ಅವಳೇ ತಗೊಳ್ಳಲಿ, ಹೊದಿಕೆ ಇಲ್ಲದಿದ್ದರೂ ಅಜ್ಜಿ ನನಗೆ ನೆನಪಿರುತ್ತಾಳೆ ಅಂತಾಳೆ. ಅಷ್ಟು ಕೇಳಿದ್ದೇ, ತಾಯಿ ಡೀಯ ಕೈಯಿಂದ ಹೊದಿಕೆ ಕಿತ್ತು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ.

ಕಥೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬ ಅಜ್ಜಿ ಇದ್ದರು. ಅವರು ತುಳುವಿನಲ್ಲಿ ಜೋರಾಗಿಯೇ ಕೇಳಿದರು, ಹಾಗಾದರೆ ಇದನ್ನು ನೀವು ಗೋಡೆಗೆ ಹಾಕಿದ್ದು ಯಾಕೆ ಅಂತ.

ಯಾರಿಗೂ ಮಾತಿಲ್ಲ. ಮೇಡಂ ಮುಖ ಕೆಂಪಾಯಿತು. ಆಮೇಲೆ ಅವರೇ ಮೊದಲು ನಕ್ಕರು. ಈ ಲೈಬ್ರರಿಗೆ ನಾನು ಅಂಕ ಕೊಡುವುದು ಇದಕ್ಕೆ. ಮೇಜು ಎಳೆದು ಹತ್ತಿ, ಎರಡು ಮೊಳೆ ಬಿಡಿಸಿ, ಹೊದಿಕೆ ಕೆಳಗಿಳಿಸಿ ನೆಲದಲ್ಲಿ ಹಾಸಿದರು. ನಾವು ಎಲ್ಲರೂ ಸುತ್ತ ಕೂತೆವು.

ಕೈಗೆ ಸಿಕ್ಕಿದ ಮೇಲೆ ಅದು ಬೇರೆಯೇ ವಸ್ತು. ನಾನು ತಿರುಗಿಸಿ ಹಿಂಬದಿ ನೋಡಿದೆ, ಯಾವ ಹೊಲಿಗೆಯನ್ನಾದರೂ ಹಿಂಬದಿಯಲ್ಲೇ ನೋಡಬೇಕು. ಪೂರ್ತಿ ಕೈಹೊಲಿಗೆ. ರನ್ನಿಂಗ್ ಸ್ಟಿಚ್, ದಪ್ಪ ದಾರ, ಸಾಲಿಂದ ಸಾಲಿಗೆ ಕಿರುಬೆರಳಿನಷ್ಟು ಅಂತರ. ಚಾಕಿನ ಗುರುತಿಲ್ಲ, ಅಳತೆ ಎಲ್ಲ ಕಣ್ಣಲ್ಲೇ. ನಾವು ಬಟ್ಟೆ ಜೋಡಿಸುವಾಗ ನಡುವಿನಿಂದ ಹೊರಗೆ ಹೋಗುತ್ತೇವೆ. ಇವರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ಲುಂಗಿಯ ಚೂರು, ನೈಟಿಯ ಚೂರು, ಸೀರೆಯ ಅಂಚು. ನೀಲಿ ಚೌಕುಳಿಯ ಒಂದು ತುಂಡು ಶಾಲೆಯ ಯೂನಿಫಾರ್ಮು, ಆ ಬಟ್ಟೆಯನ್ನು ನಾನು ಕಣ್ಣುಮುಚ್ಚಿ ಮುಟ್ಟಿಯೂ ಹೇಳುತ್ತೇನೆ. ನಾಲ್ಕು ಮೂಲೆಯಲ್ಲಿ ತ್ರಿಕೋನಕ್ಕೆ ಮಡಚಿದ ಸಣ್ಣ ಚೂರುಗಳು, ಅದಕ್ಕೆ ಫುಲಾ, ಅಂದರೆ ಹೂವು ಅಂತ ಹೇಳುತ್ತಾರಂತೆ. ಹೂವು ಇಡದೆ ಕವಂದಿ ಮುಗಿಯುವುದಿಲ್ಲ.

ಆ ಅರ್ಧ ಗಂಟೆ ಮಾತಾಡದೆ ಉಳಿದವರೇ ಇಲ್ಲ. ಎರಡು ವಾರ ಬಾಯಿ ಬಿಡದವರೂ ಅಮ್ಮನ ಹಳೆ ಸೀರೆಯ ಹೊದಿಕೆ, ಬಾಣಂತಿ ಕೋಣೆಯ ಹೊದಿಕೆ ಅಂತ ಶುರು ಮಾಡಿದರು.

ನನ್ನ ತಕರಾರು ಆಗಲೇ ಹೇಳಿದೆ, ಇಲ್ಲೂ ಹೇಳುತ್ತೇನೆ. ಹೊದಿಕೆ ತಂದಿರಿ, ಹೊಲಿದವಳನ್ನು ಯಾಕೆ ಕರೆಯಲಿಲ್ಲ? ಯಲ್ಲಾಪುರ ದೂರ, ಒಪ್ಪುತ್ತೇನೆ. ಹೋಗಲಿ, ಹೆಸರು? ಕೊಂಡು ತಂದವರು ಹೆಸರು ಕೇಳಿರಲಿಲ್ಲ. ಕಪ್ಪು ಹೆಂಗಸರ ಕಾರ್ಯಕ್ರಮ ಮಾಡಿ, ನಮ್ಮದೇ ರಾಜ್ಯದ, ಕನ್ನಡ ಮಾತಾಡುವ ಒಬ್ಬಳನ್ನು ಬಿಟ್ಟು ಅವಳ ಕೈಕೆಲಸ ಮಾತ್ರ ತರುವುದು ಅಂದರೆ ಎಂತ? ಮೇಡಂ ಒಂದು ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ಫೆಬ್ರವರಿಗೆ ನೋಡಬೇಕು.

ಅದೇ ದಿನ ಟೀಚರ್ ಇನ್ನೊಂದು ವಿಷಯ ಹೇಳಿದ್ದರು. ಜೋರಾ ನೀಲ್ ಹರ್ಸ್ಟನ್ ಅಂತ ಒಬ್ಬ ದೊಡ್ಡ ಲೇಖಕಿ, 1960ರಲ್ಲಿ ಫ್ಲಾರಿಡಾದಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಕಾಗದಗಳನ್ನು ಬೆಂಕಿಗೆ ಹಾಕಿದ್ದರಂತೆ, ಪರಿಚಯದ ಒಬ್ಬರು ಆ ದಾರಿಯಲ್ಲಿ ಹೋಗುತ್ತಾ ಕಂಡು ಬೆಂಕಿ ಆರಿಸಿ ಉಳಿಸಿದರು. ಸಮಾಧಿಗೆ ಕಲ್ಲೂ ಇರಲಿಲ್ಲ. 1973ರಲ್ಲಿ ಆಲಿಸ್ ವಾಕರ್ ನಾನು ಅವರ ಒಡಹುಟ್ಟಿದವರ ಮಗಳು ಅಂತ ಸುಳ್ಳು ಹೇಳಿ, ಸೊಂಟದೆತ್ತರದ ಹುಲ್ಲಿನಲ್ಲಿ ಹುಡುಕಿ, ಅಲ್ಲಿ ಕಲ್ಲು ಹಾಕಿಸಿದರು. ಆ ಕಲ್ಲಿನಲ್ಲಿ ಹುಟ್ಟಿದ ವರ್ಷ 1901 ಅಂತ ಇದೆ. ನಿಜ 1891. ಹರ್ಸ್ಟನ್ ಬದುಕಿದ್ದಾಗ ವಯಸ್ಸು ಕಡಿಮೆ ಹೇಳುತ್ತಿದ್ದರಂತೆ. ಸೊಂಟದ ಅಳತೆ ಎರಡಿಂಚು ಕಡಿಮೆ ಹೇಳುವ ಗಿರಾಕಿಗಳನ್ನು ದಿನಾ ನೋಡುವವಳು ನಾನು, ಹತ್ತು ವರ್ಷ ಕಡಿಮೆ ಹೇಳಿ ದಕ್ಕಿಸಿಕೊಂಡ ಹೆಂಗಸಿನ ಮೇಲೆ ನನಗೆ ಪ್ರೀತಿಯೇ ಬಂತು.

ಕೊನೆಯ ಶನಿವಾರ ಕರೆಂಟ್ ಇರಲಿಲ್ಲ. ಸೆಖೆ ಅಂದರೆ ಸೆಖೆ. ಪರದೆ ಎಲ್ಲ ಸರಿಸಿ ಕಿಟಕಿ ತೆಗೆದರು. ಮೈಕ್ ಇಲ್ಲದ್ದರಿಂದ ಎಲ್ಲರೂ ಹತ್ತಿರ ಕೂತರು, ಅದೇ ಒಳ್ಳೆಯದಾಯಿತು. ಆ ದಿನ ಸೆನೆಗಲ್ ದೇಶದ ಮರಿಯಾಮ ಬಾ. 1979ರಲ್ಲಿ ಫ್ರೆಂಚಿನಲ್ಲಿ ಬರೆದ ಸಣ್ಣ ಕಾದಂಬರಿ, ಇಡೀ ಪುಸ್ತಕ ಒಂದು ಪತ್ರ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತಿರುವಾಗ ಗೆಳತಿಗೆ ಬರೆಯುವುದು. ಗಂಡ ಇವಳನ್ನು ಬಿಟ್ಟು, ಮಗಳ ಗೆಳತಿಯನ್ನೇ ಎರಡನೇ ಮದುವೆ ಆಗಿದ್ದ.

"ನಾಲ್ಕು ತಿಂಗಳು ಹತ್ತು ದಿನ" ಅಂತ ಟೀಚರ್ ಹೇಳುವುದಕ್ಕೂ, ನನ್ನ ಪಕ್ಕ ಕೂತಿದ್ದ ಬ್ಯಾರಿ ಹೆಂಗಸು "ಇದ್ದತ್" ಅನ್ನುವುದಕ್ಕೂ ಸರಿಯಾಯಿತು. ಗಂಡ ತೀರಿಕೊಂಡ ಮೇಲೆ ಮುಸ್ಲಿಂ ಹೆಂಗಸರು ಮನೆಯೊಳಗೆ ಕೂರುವ ಅವಧಿಗೆ ಹಾಗೆ ಹೇಳುವುದು. ಅವರು ನನ್ನ ಹಳೆ ಗಿರಾಕಿ. ಎರಡು ವರ್ಷದ ಹಿಂದೆ ಅವರ ಅಳತೆ ಬ್ಲೌಸನ್ನು ಮಗಳ ಕೈಯಲ್ಲಿ ಕಳಿಸಿದ್ದರು. ತಾನೇ ಯಾಕೆ ಬರಲಿಲ್ಲ ಅಂತ ನಾನು ಆಗ ಕೇಳಿರಲಿಲ್ಲ. ಆ ದಿನ ಅವರು ಹೇಳಿದರು. ಮನೆಯಲ್ಲಿ ಒಂದು ಕ್ಯಾಲೆಂಡರ್ ಇತ್ತಂತೆ, ದಿನ ದಾಟಿದ ಹಾಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರಂತೆ. "ನನಗೂ ಬರೆಯಬಹುದಿತ್ತು" ಅಂದರು. ಮೇಡಂ ಎದ್ದು ಹೋಗಿ ಸಾರಾ ಅಬೂಬಕ್ಕರ್ ಪುಸ್ತಕ ತಂದು ಅವರ ಕೈಗೆ ಕೊಟ್ಟರು. ಮಂಗಳೂರಿನಲ್ಲೇ ಇದ್ದವರು, 2023ರಲ್ಲಿ ತೀರಿಕೊಂಡರು. "ಇವರನ್ನು ನಾನು ಕಂಡಿದ್ದೇನೆ, ಬಸ್ಸಿನಲ್ಲಿ" ಅಂದರು ಆ ಹೆಂಗಸು.

ಹೋಗುವವರಿಗೆ ಬೇಕಾದ ವಿಷಯ ಇಷ್ಟು. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಕದ್ರಿ ಕಡೆಯ ಯಾವ ಬಸ್ಸೂ ಆದೀತು. 22 ಮೆಟ್ಟಿಲು, ಲಿಫ್ಟ್ ಇಲ್ಲ, ಮಂಡಿ ನೋವಿನವರು ಕೈಹಿಡಿ ಬಿಡಬೇಡಿ. ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಟಾಯ್ಲೆಟ್ ಕೆಳಗೆ, ಕ್ಲೀನ್ ಉಂಟು. ಕಾರ್ಯಕ್ರಮಕ್ಕೆ ದುಡ್ಡಿಲ್ಲ, ಪುಸ್ತಕ ಮನೆಗೆ ತರಬೇಕಾದರೆ ವರ್ಷಕ್ಕೆ 300 ರೂಪಾಯಿ. ಎಡಗಡೆ ಕಿಟಕಿ ಪಕ್ಕ ಕೂತರೆ ಗಾಳಿ ಬರುತ್ತದೆ. ನಾಲ್ಕಕ್ಕೆ ಅಂದರೆ ನಾಲ್ಕೂವರೆಗೆ ಹೋಗಿ. ಮತ್ತೆ ನನ್ನ ಪರದೆಯ ಹಣ ಮರುದಿನವೇ ಬಂತು, ಅದನ್ನೂ ಹೇಳಬೇಕು, ಎಲ್ಲರೂ ಹಾಗೆ ಕೊಡುವುದಿಲ್ಲ.

ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಎರಡನೇ ಶನಿವಾರದ್ದು.

ಮೊನ್ನೆ ಪುಸ್ತಕ ಹಿಂದೆ ಕೊಡಲು ಹೋಗಿದ್ದೆ. ಕವಂದಿ ಈಗ ಮಕ್ಕಳು ಕೂತು ಓದುವ ಮೂಲೆಯಲ್ಲಿ ನೆಲಕ್ಕೆ ಹಾಸಿದೆ. ಯಾರೋ ಅದರ ಮೇಲೆ ನೇರಳೆ ಸ್ಕೆಚ್ ಪೆನ್ನಿನಲ್ಲಿ ಗೀಚಿದ್ದಾರೆ, ಒಂದು ಕಡೆ ಬನ್ಸಿನ ಎಣ್ಣೆ ಕಲೆ. ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಿರಿ, ಮಿಷನ್‌ಗೆ ಹಾಕಬೇಡಿ, ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ ಅಂತ ಆ ಚಾ ಹುಡುಗಿಗೆ ಹೇಳಿ ಬಂದಿದ್ದೇನೆ.